ಹಸಿರೆಲೆಯ ಚಿತ್ರವಿರುವ ಚೀಲ

ನಿನ್ನೆ ಮೆಣಸಿನ ಸಸಿಗಳಿಗೆ ಮಣ್ಣು ತರಲೆಂದು ನಮ್ಮೂರಿನ ಗಾರ್ಡನ್ ಸೆಂಟರಿಗೆ ಹೋದವನು ಬರಿಗೈಯಲ್ಲಿ, ತಲೆ ಬಿಸಿ ಮಾಡಿಕೊಂಡು ವಾಪಸ್ ಬಂದಿದ್ದೇನೆ. ಬಾಗಿಲಲ್ಲೇ ಆಳೆತ್ತರಕ್ಕೆ ಪೇರಿಸಿಟ್ಟ ಚೀಲಗಳು. ಪ್ರತಿ ಚೀಲದ ಮೇಲೂ ಒಂದು ಹಸಿರೆಲೆ, ಒಂದು ಚಿಟ್ಟೆ, ನಿಸರ್ಗವನ್ನು ಹೊಗಳುವ ಒಂದು ಸಾಲು. ಕನ್ನಡಕ ಏರಿಸಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಒಳಗಿರುವುದರಲ್ಲಿ ಮುಕ್ಕಾಲು ಪಾಲು ಪೀಟ್, ಅಂದರೆ ಜೌಗು ನೆಲದಿಂದ ಅಗೆದು ತೆಗೆದ, ಪೂರ್ತಿ ಕೊಳೆಯದ ಪಾಚಿಯ ಕರಿ ಮಣ್ಣು. ಇದು ಯಾವ ಜೌಗಿನದು, ಅಗೆಯಲು ಅನುಮತಿ ಇತ್ತೇ ಎಂದು ಕೌಂಟರಿನ ಹುಡುಗನನ್ನು ಕೇಳಿದೆ. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹಸುವಿನ ಹೆಸರೇನೆಂದು ಕೇಳಿದವನನ್ನು ನೋಡುವಂತೆ ಅವನು ನನ್ನನ್ನು ನೋಡಿದ. ಅವನ ತಪ್ಪೇನೂ ಇಲ್ಲ. ಈ ಐರ್ಲೆಂಡಿನಲ್ಲಿ ಆ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕೆಂಬ ನಿಯಮವೂ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ತಿಪಟೂರಿನ ಕಡೆಯವನು ಐರ್ಲೆಂಡಿನ ನಡುನಾಡಾದ ಈ ಆಫಲಿ ಸೀಮೆಗೆ ಬಂದು ಬಿದ್ದ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಬಂದ ಮೊದಲ ವರ್ಷ ಈ ಜೌಗು ನೆಲಗಳನ್ನು ನೋಡಿ, ಇಷ್ಟು ನೆಲ ಪಾಳು ಬಿಟ್ಟಿದ್ದಾರಲ್ಲ ಎಂದು ಮರುಗಿದವನು ನಾನು. ಬಯಲುಸೀಮೆಯವನ ಬುದ್ಧಿ. ಆಮೇಲೆ ಮಗಳ ಜೊತೆ ಕ್ಲಾರಾ ಎಂಬಲ್ಲಿಯ ಸಂರಕ್ಷಿತ ಜೌಗಿನಲ್ಲಿ ಮರದ ಹಲಗೆಯ ದಾರಿಯ ಮೇಲೆ ನಡೆದಾಗ ತಿಳಿಯಿತು, ಅದು ನೆಲವೆನ್ನುವುದಕ್ಕಿಂತ ನಿಂತ ನೀರಿಗೆ ಹೊದಿಸಿದ ಕಂಬಳಿ. ಸ್ಫ್ಯಾಗ್ನಮ್ ಎಂಬ ಪಾಚಿ ತನ್ನ ಒಣ ತೂಕದ ಇಪ್ಪತ್ತು ಪಟ್ಟು ನೀರು ಹೀರಿಕೊಂಡು ಕೂರುತ್ತದೆ; ಮೇಲೆ ಬೆಳೆಯುತ್ತದೆ, ಕೆಳಗೆ ಸಾಯುತ್ತದೆ, ಆದರೆ ಆಮ್ಲಜನಕವಿಲ್ಲದ ಆ ಹುಳಿ ನೀರಿನಲ್ಲಿ ಸತ್ತದ್ದು ಪೂರ್ತಿ ಕೊಳೆಯುವುದಿಲ್ಲ. ಹಾಗೆ ಕೊಳೆಯದೆ ಉಳಿದದ್ದೇ ಪೀಟ್. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುವುದರಿಂದ ಒಂದು ಮೀಟರ್ ಪೀಟ್ ಎಂದರೆ ಒಂದು ಸಾವಿರ ವರ್ಷ. ಜಗತ್ತಿನ ನೆಲದ ಶೇ. 3ರಷ್ಟು ಜಾಗದಲ್ಲಿರುವ ಪೀಟ್ ಭೂಮಿಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಅಡಗಿಸಿಟ್ಟುಕೊಂಡಿವೆ. 2003ರಲ್ಲಿ ಮೀತ್ ಕೌಂಟಿಯಲ್ಲಿ ಪೀಟ್ ಯಂತ್ರವೊಂದರಲ್ಲಿ ಸಿಕ್ಕಿಬಿದ್ದ ಕ್ಲೋನಿಕ್ಯಾವನ್ ಮನುಷ್ಯನ ದೇಹ ಈಗ ಡಬ್ಲಿನ್ನಿನ ಮ್ಯೂಸಿಯಮ್ಮಿನಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಆತ ತಲೆಗೂದಲಿಗೆ ಹಚ್ಚಿಕೊಂಡಿದ್ದ ಅಂಟು ಕೂಡ ಅಳಿದಿರಲಿಲ್ಲ. ಅಷ್ಟು ಜೋಪಾನ ಮಾಡುವ ಜಾಗವನ್ನು ಕೆರೆದು ಪೆಟೂನಿಯಾ ಕುಂಡಕ್ಕೆ ತುಂಬುತ್ತಾರೆ.

ಕೆರೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಉದ್ದುದ್ದ ಚರಂಡಿ ತೋಡಿ ಜೌಗಿನ ನೀರನ್ನೆಲ್ಲ ಹೊರಗೆ ಹರಿಸುತ್ತಾರೆ. ಜೌಗು ಸಾಯುವುದು ಆ ದಿನವೇ. ಆಮೇಲೆ ಮೇಲ್ಪದರವನ್ನು ಪುಡಿ ಮಾಡಿ, ಬಿಸಿಲಿಗೆ ಒಣಗಿಸಿ, ಯಂತ್ರದಿಂದ ಬಳಿದುಕೊಳ್ಳುತ್ತಾರೆ. ಬೇಸಿಗೆಯೊಂದರಲ್ಲಿ ಹಲವು ಬಾರಿ. ಚರಂಡಿಗಳನ್ನು ಮುಚ್ಚಿ ನೀರು ನಿಲ್ಲಿಸುವವರೆಗೂ ಆ ಕರಿ ಬಯಲು ಸಾವಿರಾರು ವರ್ಷಗಳ ಇಂಗಾಲವನ್ನು ಗಾಳಿಗೆ ಬಿಡುತ್ತಲೇ ಇರುತ್ತದೆ.

ಹಾಗಾದರೆ ಕಾನೂನಿಲ್ಲವೇ ಎಂದರೆ, ಬೇಕಾದಷ್ಟಿದೆ. ಅಗೆಯುವ ಜಾಗ 30 ಹೆಕ್ಟೇರ್ ಮೀರಿದರೆ ಪರಿಸರ ಪರಿಣಾಮದ ಅಧ್ಯಯನ ಆಗಬೇಕು, ಸ್ಥಳೀಯ ಯೋಜನಾ ಅನುಮತಿ ಬೇಕು. 50 ಹೆಕ್ಟೇರ್ ಮೀರಿದರೆ ಪರಿಸರ ಸಂರಕ್ಷಣಾ ಸಂಸ್ಥೆಯ ಪರವಾನಗಿಯೂ ಬೇಕು. 2019ರಲ್ಲಿ ಸರ್ಕಾರ ದೊಡ್ಡ ಗಣಿಗಾರರಿಗೆ ಯೋಜನಾ ಅನುಮತಿಯಿಂದ ವಿನಾಯಿತಿ ಕೊಡಲು ಹೋದಾಗ, ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ ಹೈಕೋರ್ಟ್ ಆ ನಿಯಮಗಳನ್ನೇ ರದ್ದು ಮಾಡಿತು. 1946ರಿಂದ ಪೀಟ್ ತೆಗೆಯುತ್ತಿದ್ದ ಸರ್ಕಾರಿ ಕಂಪನಿ ಬೋರ್ಡ್ ನ ಮೋನಾ 2021ರ ಜನವರಿಯಲ್ಲಿ ಆ ಕೆಲಸವನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಸಾರಿತು. ಆ ಸುದ್ದಿ ಓದಿ ನಾನು ಇದೇ ಗೋಡೆಯ ಮೇಲೆ ಸಂಭ್ರಮದ ಪೋಸ್ಟ್ ಹಾಕಿದ್ದೆ. ಹಳೆಯ ಗೆಳೆಯರು ಹುಡುಕಿ ತೆಗೆದು ನಗಬಹುದು.

ನಗುವುದಕ್ಕೆ ಕಾರಣವಿದೆ. 2025ರ ಜೂನ್‌ನಲ್ಲಿ ಅದೇ ಪರಿಸರ ಸಂರಕ್ಷಣಾ ಸಂಸ್ಥೆ ಹೊರಡಿಸಿದ ವರದಿಯ ಪ್ರಕಾರ ಅನುಮತಿಯಿಲ್ಲದೆ ದೊಡ್ಡ ಪ್ರಮಾಣದಲ್ಲಿ ಪೀಟ್ ತೆಗೆಯುತ್ತಿರುವ ಜಾಗಗಳು 38. 2023ರಲ್ಲಿ ದೇಶದಿಂದ ಹೊರಗೆ ಹೋದ ಪೀಟ್ ಸುಮಾರು 3 ಲಕ್ಷ ಟನ್, ಬೆಲೆ ಸುಮಾರು 4 ಕೋಟಿ ಯೂರೋ. ಈ 3 ಲಕ್ಷ ಟನ್ನನ್ನು ಯಾರೂ ಜೇಬಿನಲ್ಲಿ ಹಾಕಿಕೊಂಡು ಹೋಗಲಿಲ್ಲ. ಲಾರಿಯಲ್ಲಿ ಹೋಯಿತು, ತೂಕವಾಯಿತು, ಹಡಗು ಹತ್ತಿತು, ಸರ್ಕಾರದ್ದೇ ರಫ್ತಿನ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ನಮೂದಾಯಿತು. ತೂಕ ಬರೆದುಕೊಂಡವರು ಅನುಮತಿಪತ್ರವನ್ನೂ ಕೇಳಿದ್ದರೆ ಅರ್ಧ ಲಾರಿಗಳು ದಾರಿಯಲ್ಲೇ ತಿರುಗುತ್ತಿದ್ದವು. ಅಗೆಯುವುದು ಅಪರಾಧ, ಅಗೆದದ್ದನ್ನು ಮಾರುವುದು ವ್ಯಾಪಾರ ಎಂಬ ವಿಚಿತ್ರ ನ್ಯಾಯ ಇದು. ಜೌಗಿನ ಅಂಚಿನಲ್ಲಿ ಬೇಲಿ ಕಾಯಬೇಕಾದವರು ಕೌಂಟಿ ಕೌನ್ಸಿಲ್ಲಿನವರು. ಅವರಿಗೆ ಅಗೆಯುವವನೂ ಊರಿನವನೇ, ಅಗೆಯುವವನ ಭಾವನೂ ಊರಿನವನೇ, ಮುಂದಿನ ಚುನಾವಣೆಯೂ ಅದೇ ಊರಿನದೇ.

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲೆಕೇರಿ ಎಂದರೆ ಸಾಕು. ಬಳ್ಳಾರಿಯ ಗುಂಡಿಗಳನ್ನು ಎಷ್ಟು ಜನ ಕಾದರೂ, ಬಂದರಿನಲ್ಲಿ ಕಾಗದ ಕೇಳುವವರಿಲ್ಲದೆ ಹೋದಾಗ, 2010ರಲ್ಲಿ ಜಪ್ತಿ ಮಾಡಿದ ಅದಿರೇ ಹಡಗು ಹತ್ತಿ ಹೋದದ್ದನ್ನು ನೋಡಿದವರು ನಾವು. ಇಲ್ಲಿನ ಸಹೋದ್ಯೋಗಿಗಳಿಗೆ ಆ ಕಥೆ ಹೇಳಿದಾಗ 'ಅಯ್ಯೋ, ಭಾರತದಲ್ಲಿ ಹೀಗೂ ಆಗುತ್ತದೆಯೇ' ಎಂದು ಕಣ್ಣರಳಿಸಿದ್ದರು. ಅವರ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಕರಿ ಬಯಲಿದೆ.

ಇದಕ್ಕೊಂದು ಸಿದ್ಧ ಉತ್ತರವಿದೆ, ನಿನ್ನೆ ಅದೇ ಅಂಗಡಿಯಲ್ಲಿ ಹಿರಿಯರೊಬ್ಬರು ನನಗೆ ಹೇಳಿಯೂ ಹೇಳಿದರು. ಇಲ್ಲಿ ನಿಲ್ಲಿಸಿದರೆ ಬೇರೆ ಕಡೆಯಿಂದ ಬರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಡ್ರಾಹೆಡಾ ಬಂದರಿಗೆ ಬಂದಿಳಿಯಲಿಲ್ಲವೇ? ಬಂದಿಳಿಯಿತು, ಅದನ್ನು ಇನ್ನೂರು ಲಾರಿಗಳಲ್ಲಿ ಸಾಗಿಸಿದ್ದೂ ನಿಜ, ಅದು ಮೂರ್ಖತನವೆಂಬುದೂ ನಿಜ. ಆದರೆ ಪೀಟ್ ಇಲ್ಲವೆಂದು ಅತ್ತು ಹೊರಗಿನಿಂದ ತರಿಸಿಕೊಂಡ ದೇಶ ಎರಡೇ ವರ್ಷದಲ್ಲಿ 3 ಲಕ್ಷ ಟನ್ ಹೊರಗೆ ಕಳಿಸಿತೆಂದರೆ, ಕೊರತೆ ಇದ್ದದ್ದು ಪೀಟಿಗೋ ನಾಚಿಕೆಗೋ? ಅಣಬೆ ಬೆಳೆಯುವವರ ಮಾತು ಮಾತ್ರ ಬೇರೆ. ಅಣಬೆ ಹಾಸಿಗೆಯ ಮೇಲೆ ಹೊದಿಸಲು ಪೀಟಿನಷ್ಟು ನೀರು ಹಿಡಿಯುವ, ಅಷ್ಟು ಶುಚಿಯಾದ ಬದಲಿ ವಸ್ತು ಅವರಿಗೆ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಅವರಿಗೆ ಲೆಕ್ಕ ಇಟ್ಟು, ಕಾಲಮಿತಿ ಹಾಕಿ ಕೊಡಲಿ. ಅವರನ್ನು ಗುರಾಣಿ ಮಾಡಿಕೊಂಡು ನನ್ನಂಥ ಹವ್ಯಾಸಿಯ ಕುಂಡಕ್ಕೂ, ಪರದೇಶದ ನರ್ಸರಿಗೂ ಸುರಿಯುವುದನ್ನು ಯಾಕೆ ಒಪ್ಪಬೇಕು? ಪೀಟಿನಲ್ಲಿ ಗಿಡಕ್ಕೆ ಬೇಕಾದ ಸಾರವೇ ಇಲ್ಲವೆಂಬುದು ಇನ್ನೊಂದು ತಮಾಷೆ. ಗೊಬ್ಬರವನ್ನು ಬೇರೆಯಾಗಿ ಬೆರೆಸಿಯೇ ಮಾರುತ್ತಾರೆ. ಅದು ಅಗ್ಗ, ಹಗುರ, ಚೀಲದಿಂದ ಚೀಲಕ್ಕೆ ಒಂದೇ ತರಹ. ಅದರ ಹಿರಿಮೆ ಅಷ್ಟೇ.

ಪಕ್ಕದ ಇಂಗ್ಲೆಂಡ್ ಅಂಗಡಿಯ ಕಡೆಯಿಂದಲೇ ಹಿಡಿಯಲು ಹೊರಟಿತ್ತು. 2011ರಲ್ಲಿ, ಹವ್ಯಾಸಿ ತೋಟಗಾರರು 2020ರೊಳಗೆ ತಾವಾಗಿಯೇ ಬಿಡಲಿ ಎಂದಿತು, ಯಾರೂ ಬಿಡಲಿಲ್ಲ. 2022ರಲ್ಲಿ, 2024ರೊಳಗೆ ಚಿಲ್ಲರೆ ಮಾರಾಟವನ್ನೇ ನಿಷೇಧಿಸುತ್ತೇವೆ ಎಂದಿತು. 2024 ಮುಗಿಯಿತು, ಕಾಯಿದೆ ಬರಲಿಲ್ಲ. ದಾರಿ ಸರಿಯಿತ್ತು, ಹೊರಟವರೇ ಮನೆ ಬಿಟ್ಟು ಹೊರಬೀಳಲಿಲ್ಲ. ನಮ್ಮ ಐರ್ಲೆಂಡ್ ಮಾತ್ರ 2022ರಲ್ಲಿ, ಒಲೆಗೆ ಹಾಕುವ ಪೀಟ್ ಹೆಂಟೆಯನ್ನು ಅಂಗಡಿಯಲ್ಲಿ ಮಾರಬಾರದೆಂಬ ನಿಯಮ ತಂದಿತು. ಅದಕ್ಕಾಗಿ ಎದ್ದ ಗಲಾಟೆ ನೆನಪಿದೆಯೇ? ಅಜ್ಜಿಯ ಒಲೆ ಆರಿಸುತ್ತಾರೆಂದು ಊರೂರಲ್ಲಿ ಕಣ್ಣೀರು ಹರಿಯಿತು. ಅಂದರೆ ಮಾರಾಟದ ಜಾಗದಲ್ಲಿ ಹಿಡಿಯುವ ವಿದ್ಯೆ ಸರ್ಕಾರಕ್ಕೆ ಬರುತ್ತದೆ. ಅದು ಅಜ್ಜಿಯ ಹತ್ತಿರ ಮಾತ್ರ.

ಇನ್ನು ನನ್ನ ಪಕ್ಷಪಾತವನ್ನು ನಾನೇ ಹೇಳಿಕೊಳ್ಳುತ್ತೇನೆ, ಕಾಮೆಂಟಿನಲ್ಲಿ ನೀವು ಹೇಳುವ ಮೊದಲು. ಪೀಟಿಗೆ ಬದಲಿಯಾಗಿ ಇಲ್ಲಿ ಮಾರುವ ಇಟ್ಟಿಗೆಯಾಕಾರದ ಕೊಕೊಪೀಟ್ ನಮ್ಮ ಕಡೆಯ ತೆಂಗಿನ ಮಟ್ಟೆಯ ಪುಡಿ. ನಾನು ಚಿಕ್ಕವನಿದ್ದಾಗ ನಾರು ತೆಗೆದ ಮೇಲೆ ಉಳಿದ ಆ ಪುಡಿಯನ್ನು ರಸ್ತೆ ಬದಿಗೆ ಗುಡ್ಡದಂತೆ ಸುರಿಯುತ್ತಿದ್ದರು. ಗಾಳಿ ಬಂದರೆ ಕಣ್ಣಿಗೆ, ಮಳೆ ಬಂದರೆ ಬಾವಿಗೆ. ಈಗ ಅದೇ ಪುಡಿಯನ್ನು ಯೂರೋ ಕೊಟ್ಟು ಕೊಂಡು, ನೀರಿಗೆ ಹಾಕಿ ಉಬ್ಬುವುದನ್ನು ಮಗುವಿನಂತೆ ನೋಡುತ್ತಾ ನಿಲ್ಲುತ್ತೇನೆ. ಅದೂ ಪರಿಶುದ್ಧವೆಂದು ನಾನು ಹೇಳಲಾರೆ. ಪುಡಿಯಲ್ಲಿರುವ ಉಪ್ಪನ್ನು ಕಳೆಯಲು ಸಿಹಿನೀರಿನಲ್ಲಿ ತೊಳೆಯಬೇಕು, ಮತ್ತು ಆ ಸಿಹಿನೀರು ಬರುವುದು ಕೊಳವೆಬಾವಿ ಬತ್ತುವ ಸೀಮೆಯಿಂದ. ಇಲ್ಲಿನ ಜೌಗು ಉಳಿಸಲು ಅಲ್ಲಿನ ಅಂತರ್ಜಲ ಹಿಂಡುವುದಾದರೆ ಅದಕ್ಕೂ ಯಾರಾದರೂ ಕಾಗದ ಕೇಳಬೇಕು. ಮರದ ತೊಗಟೆ, ಮರದ ನಾರು, ತೋಟದ ಕಸದ ಕಾಂಪೋಸ್ಟ್ ಇಲ್ಲಿಯೇ ಸಿಗುತ್ತವೆ. ಮೆಣಸಿನ ಗಿಡಕ್ಕೆ ಅಷ್ಟು ಸಾಕು.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಹಿತ್ತಲಿನ ಶೆಡ್ಡಿನಲ್ಲಿ ಹಿಂದಿನ ವರ್ಷ ನಾನೇ ತಂದ, ಅದೇ ಹಸಿರೆಲೆಯ ಒಂದೂವರೆ ಚೀಲ ಪೀಟ್ ಇದೆ. ಏಳೆಂಟು ವರ್ಷ ಕರಿಬೇವು, ಕೊತ್ತಂಬರಿ ಎಲ್ಲವನ್ನೂ ಅದರಲ್ಲೇ ಬೆಳೆಸಿದ್ದೇನೆ, ಒಮ್ಮೆಯೂ ಚೀಲದ ಹಿಂಬದಿ ಓದಿರಲಿಲ್ಲ. ಇದನ್ನೇನು ಮಾಡುತ್ತೀರಿ ಎಂದು ಹೆಂಡತಿ ನಿನ್ನೆ ರಾತ್ರಿ ಕೇಳಿದಳು. ಕ್ಲಾರಾಕ್ಕೆ ಒಯ್ದು ಸುರಿದರೆ ಅದು ಮತ್ತೆ ಜೌಗಾಗುವುದಿಲ್ಲ. ಈ ವರ್ಷದ ಮೆಣಸಿನ ಸಸಿಗಳನ್ನು ಬೆಳಿಗ್ಗೆ ಅದರಲ್ಲೇ ನೆಟ್ಟಿದ್ದೇನೆ.