ಡಿಕ್ಕಿ ಮುಚ್ಚಿದ ಸೈಕಲ್ಲು

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಮಗಳೂರಿನಿಂದ ಬೆಂಗಳೂರಿನ ಮನೆಗೆ ಬಂದಿಳಿದೆವು. ಬೆಲ್ಟು ಎಳೆದೆಳೆದು ಸಿಪ್ಪೆ ಸುಲಿದ ನನ್ನ ಬಲಗೈ ಹೆಬ್ಬೆರಳು ಇನ್ನೂ ಉರಿಯುತ್ತಿದೆ. ದಸರಾ ರಜೆಯ ಈ ಮೂರು ದಿನಗಳಲ್ಲಿ ನನ್ನ ಸೈಕಲ್ಲು ಸುಮಾರು 500 ಕಿಲೋಮೀಟರ್ ಪ್ರಯಾಣ ಮಾಡಿತು. ಅದರಲ್ಲಿ ನಾನು ಅದರ ಮೇಲೆ ಕುಳಿತು ಹೋದದ್ದು ಹೋಮ್‌ಸ್ಟೇಯ ಅಂಗಳದಿಂದ ಗೇಟಿನವರೆಗೆ, ಅಂದರೆ ಸುಮಾರು 200 ಮೀಟರ್. ಉಳಿದ ದೂರವನ್ನೆಲ್ಲ ಅದು ನಮ್ಮ ಕಾರಿನ ಬೆನ್ನೇರಿ, ಅಮ್ಮನ ಹಳೆಯ ನೂಲಿನ ಸೀರೆ ಹೊದ್ದು, ನಮ್ಮೆಲ್ಲರಿಗಿಂತ ಸುಖವಾಗಿ ಮುಗಿಸಿತು.

ಭಾನುವಾರ ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ನಂದಿಬೆಟ್ಟದ ಕಡೆಗೆ, ಮೈಗಂಟಿದ ಚಡ್ಡಿ ತೊಟ್ಟು, ಹಿಂದೆ ಕೆಂಪು ದೀಪ ಮಿನುಗಿಸುತ್ತ ಸಾಗುವ ನಡುವಯಸ್ಸಿನ ಗಂಡಸರ ಹಿಂಡನ್ನು ನೀವು ನೋಡಿರುತ್ತೀರಿ. ಆ ಹಿಂಡಿನ ಕೊನೆಯವನು ನಾನು. ನಮ್ಮಲ್ಲಿ ಯಾರೂ ಅದನ್ನು ಸೈಕಲ್ಲು ಎನ್ನುವುದಿಲ್ಲ, ಬೈಕ್ ಎನ್ನುತ್ತೇವೆ. ಈ ಒಂದು ಪದದಿಂದ ನಮ್ಮ ಮನೆಯಲ್ಲಿ ಸ್ವಲ್ಪ ಗೊಂದಲವಾಗಿತ್ತು. ಬೈಕ್ ಕೊಳ್ಳುತ್ತೇನೆ ಎಂದಾಗ ಪೆಟ್ರೋಲ್ ದರ ನೆನೆದು ಚಿಂತಿಸಿದ್ದ ನನ್ನ ಹೆಂಡತಿ, ಮನೆಗೆ ಬಂದದ್ದನ್ನು ಎರಡು ಸುತ್ತು ಸುತ್ತಿ ನೋಡಿ, "ಇಂಜಿನ್ ಯಾವಾಗ ಕಳಿಸ್ತಾರಂತೆ?" ಎಂದು ಕೇಳಿದ್ದಳು. ಕಾರ್ಬನ್ ಫ್ರೇಮು, ಎಂಟು ಕಿಲೋ ತೂಕ, ಬೆಲೆ 1,65,000 ರೂಪಾಯಿ. ತೂಕ ಕಡಿಮೆಯಾದಷ್ಟೂ ಬೆಲೆ ಹೆಚ್ಚುವ ಪದಾರ್ಥ ಜಗತ್ತಿನಲ್ಲಿ ಇದೊಂದೇ ಎಂಬುದು ಅವಳ ಇಂದಿಗೂ ಬದಲಾಗದ ಅಭಿಪ್ರಾಯ.

ಕುಟುಂಬದೊಂದಿಗೆ ಚಿಕ್ಕಮಗಳೂರಿಗೆ ಹೋಗುವುದೆಂದು ತೀರ್ಮಾನವಾದ ಕ್ಷಣವೇ ನನ್ನ ತಲೆಯೊಳಗೆ ಮುಳ್ಳಯ್ಯನಗಿರಿ ಎದ್ದು ನಿಂತಿತು. ಕರ್ನಾಟಕದ ಅತಿ ಎತ್ತರದ ಶಿಖರ, 1,900 ಮೀಟರಿಗೂ ಹೆಚ್ಚು ಎತ್ತರ. ಉಳಿದವರು ಏಳುವುದರೊಳಗೆ ಹತ್ತಿ ಇಳಿದು ಬಂದು, ಬೆವರೊರೆಸಿಕೊಳ್ಳುತ್ತ ಅಕ್ಕಿರೊಟ್ಟಿಯ ಮುಂದೆ ಕೂರುವ ನನ್ನ ಚಿತ್ರವನ್ನು ನಾನೇ ಹಲವು ಬಾರಿ ನೋಡಿಕೊಂಡೆ. ಹಿಂದಿನ ಕಾಲವಾಗಿದ್ದರೆ ಬಸ್ಸಿನ ಟಾಪಿಗೆ ಎಸೆದು, ಹಗ್ಗ ಬಿಗಿದು ಹೋಗಬಹುದಿತ್ತು. ಈಗಿನ ಬಸ್ಸುಗಳಿಗೆ ಏಣಿಯೇ ಇಲ್ಲ, ಇದ್ದರೂ ಎಸೆಯುವ ಧೈರ್ಯ ನನಗಿಲ್ಲ. ಯಶವಂತಪುರದಿಂದ ರೈಲಿದೆ, ಸೈಕಲ್ಲನ್ನು ಲಗೇಜಿಗೆ ಹಾಕಬಹುದು. ಆದರೆ ಲಗೇಜಿನ ಡಬ್ಬಿಯಲ್ಲಿ ಅದರ ಪಕ್ಕದಲ್ಲಿ ನಾನೂ ಕೂರಲು ಅವಕಾಶವಿಲ್ಲದ್ದರಿಂದ ಆ ಯೋಚನೆಯನ್ನೂ ಕೈಬಿಟ್ಟೆ. ಕೊನೆಗೆ, ಕಾರಿನ ಡಿಕ್ಕಿಯ ಮೇಲೆ ಕೂರಿಸಿ ಆರು ಬೆಲ್ಟುಗಳಿಂದ ಬಿಗಿಯುವ ಒಂದು ರ್‍ಯಾಕನ್ನು ತರಿಸಿದೆ. ಹಿಂದಿನ ದಿನ ಸಂಜೆ ಸೈಕಲ್ಲಿಗೆ ಗೀರು ಬೀಳದಂತೆ ಅಮ್ಮನ ಸೀರೆಯನ್ನು ಮೂರು ಸುತ್ತು ಸುತ್ತಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಿನ್ನನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದಾಗಲೂ ಇಷ್ಟು ಬೆಚ್ಚಗೆ ಸುತ್ತಿರಲಿಲ್ಲ ಕಣೋ" ಎಂದರು.

ರ್‍ಯಾಕಿನ ಜೊತೆಗೆ ಬಂದ ಪುಸ್ತಿಕೆಯಲ್ಲಿ ಎಲ್ಲವನ್ನೂ ಬರೆದಿದ್ದರು. ಬಹುಶಃ ಇದನ್ನೂ ಬರೆದಿದ್ದರು, ನಾನು ಓದಿರಲಿಲ್ಲ. ಬೆಲ್ಟಿನ ಕೊಕ್ಕೆಗಳು ಡಿಕ್ಕಿಯ ಮುಚ್ಚಳದ ನಾಲ್ಕೂ ಅಂಚುಗಳನ್ನು ಕಚ್ಚಿ ಹಿಡಿಯುವುದರಿಂದ, ಸೈಕಲ್ಲು ಮೇಲಿರುವಷ್ಟು ಹೊತ್ತು ಡಿಕ್ಕಿಯನ್ನು ತೆರೆಯುವಂತಿಲ್ಲ. ತೆರೆಯಬೇಕೆಂದರೆ ಸೀರೆ ಬಿಚ್ಚಿ, ಸೈಕಲ್ಲನ್ನು ಇಳಿಸಿ, ಆರು ಬೆಲ್ಟುಗಳನ್ನು ಸಡಿಲಿಸಿ, ರ್‍ಯಾಕನ್ನು ಎತ್ತಿಡಬೇಕು. ನಂತರ ಅದನ್ನೆಲ್ಲ ಹಿಂದುಮುಂದಾಗಿ ಮತ್ತೆ ಮಾಡಬೇಕು. ನನ್ನ ಲೆಕ್ಕದಲ್ಲಿ ಒಮ್ಮೆಗೆ ಇಪ್ಪತ್ತು ನಿಮಿಷ.

ಇಲ್ಲಿ ನಮ್ಮಮ್ಮನ ಜ್ಞಾಪಕಶಕ್ತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಮಂದವಾದುದಲ್ಲ, ಎಪ್ಪತ್ತೆರಡರ ವಯಸ್ಸಿನಲ್ಲೂ ಯಾರ ಮದುವೆಯಲ್ಲಿ ಯಾವ ಪಾಯಸ ಸೀದಿತ್ತೆಂಬುದನ್ನು ಅವರು ಥಟ್ಟನೆ ಹೇಳಬಲ್ಲರು. ಆದರೆ ಅದು ಸಾಲಿನಲ್ಲಿ ನಿಂತ ಜ್ಞಾಪಕಶಕ್ತಿ. ಒಂದು ವಿಷಯ ಹೊರಗೆ ಬಂದು, ಅದರ ಕೆಲಸ ಪೂರ್ತಿ ಮುಗಿದು, ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದಕ್ಕೆ ಒಳಗಿನಿಂದ ಕರೆ ಬರುತ್ತದೆ.

ನೆಲಮಂಗಲದ ಟೋಲ್ ದಾಟಿ ಹತ್ತು ನಿಮಿಷವಾಗಿತ್ತು. "ತಿಂಡಿಗೆ ಮುಂಚಿನ ಮಾತ್ರೆ ಡಿಕ್ಕೀಲಿರೋ ಬ್ಯಾಗಲ್ಲಿದೆಯಲ್ಲಪ್ಪ" ಎಂದರು. ಬಿ.ಪಿ. ಮಾತ್ರೆಯ ವಿಷಯದಲ್ಲಿ ವಾದ ಮಾಡುವಂತಿಲ್ಲ. ರಸ್ತೆಯ ಪಕ್ಕದ ಹೋಟೆಲಿನ ಮುಂದೆ ನಿಲ್ಲಿಸಿದೆ. ಸೀರೆ, ಸೈಕಲ್ಲು, ಬೆಲ್ಟು, ರ್‍ಯಾಕು, ಡಿಕ್ಕಿ, ಮಾತ್ರೆ. ಅಷ್ಟರಲ್ಲಿ ಉಳಿದವರು ಒಳಗೆ ಹೋಗಿ ತಟ್ಟೆ ಇಡ್ಲಿ ತಿಂದರು. ನಾನು ಸೈಕಲ್ಲನ್ನು ಒಂಟಿಯಾಗಿ ಬಿಟ್ಟು ಹೋಗಲಾರದೆ ಅಲ್ಲೇ ನಿಂತಿದ್ದಾಗ ಮಗಳು ಒಂದು ಇಡ್ಲಿಯನ್ನು ಬಾಳೆಲೆಯ ತುಂಡಿನಲ್ಲಿ ಹಿಡಿದು ತಂದುಕೊಟ್ಟಳು. ಮತ್ತೆ ಡಿಕ್ಕಿ ಮುಚ್ಚುವ ಮುನ್ನ ನಾನು ಬುದ್ಧಿವಂತನಾಗಿ, "ಅಮ್ಮಾ, ಇನ್ನೇನಾದರೂ ಬೇಕಿದ್ದರೆ ಈಗಲೇ ಹೇಳಿಬಿಡು" ಎಂದೆ. ಅಮ್ಮ ಕಣ್ಣು ಮುಚ್ಚಿ, ಪ್ರಾಮಾಣಿಕವಾಗಿ ಒಂದು ನಿಮಿಷ ಯೋಚಿಸಿ, "ಇಷ್ಟೇ ಕಣೋ, ಇನ್ನೇನಿಲ್ಲ" ಎಂದರು. ಆರನೆಯ ಬೆಲ್ಟನ್ನು ಬಿಗಿದು, ಕೈ ಒರೆಸಿಕೊಂಡು, ಸ್ಟೇರಿಂಗಿನ ಮುಂದೆ ಕುಳಿತು ಕೀಲಿ ತಿರುಗಿಸಿದೆ. ಹಿಂದಿನಿಂದ, ಬಹಳ ಮೆಲ್ಲಗೆ, "ಅಯ್ಯೋ" ಎಂಬ ಒಂದು ಶಬ್ದ ಬಂದಿತು.

ಆ "ಅಯ್ಯೋ" ನಾಳೆ ನನ್ನ ಕನಸಿನಲ್ಲೂ ಬರಬಹುದು. ಮೊದಲ "ಅಯ್ಯೋ" ಕನ್ನಡಕದ್ದಾಗಿತ್ತು. ಅದನ್ನು ನಾನು ಯಡಿಯೂರಿನವರೆಗೆ ತಳ್ಳಿಕೊಂಡು ಬಂದೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನಕ್ಕೆ ನಿಂತಾಗ ಕನ್ನಡಕ ತೆಗೆದುಕೊಟ್ಟೆ. "ಇಷ್ಟೇ ಕಣೋ" ಎಂದರು. ಬಿಗಿದೆ. ನಾಲ್ಕು ಹೆಜ್ಜೆ ನಡೆದ ಮೇಲೆ, ಹಣ್ಣುಕಾಯಿಗೆಂದು ಮನೆಯಿಂದಲೇ ತಂದಿದ್ದ ತೆಂಗಿನಕಾಯಿ ಡಿಕ್ಕಿಯಲ್ಲಿದೆಯೆಂಬುದು ಹೊಳೆಯಿತು. ಇಲ್ಲೇ ಅಂಗಡಿಯಲ್ಲಿ ಕೊಂಡರಾಯಿತು ಎಂದೆ. ಹರಕೆಗೆಂದು ತೆಗೆದಿಟ್ಟ ಕಾಯಿಯನ್ನು ಡಿಕ್ಕಿಯಲ್ಲಿಟ್ಟುಕೊಂಡು ದೇವರಿಗೆ ಅಂಗಡಿಯ ಕಾಯಿ ಒಡೆಸುವ ಮಗನನ್ನು ಹೆತ್ತದ್ದು ತಮ್ಮ ಕರ್ಮವೆಂಬ ಅರ್ಥ ಬರುವಂತೆ ಅಮ್ಮ ಏನೂ ಮಾತಾಡದೆ ನಿಂತರು. ಬಿಚ್ಚಿದೆ. ಹಾಸನದ ಬಳಿ ತಂಪುಗಾಳಿಗೆ ಶಾಲು ಬೇಕಾಯಿತು. ಹೊದಿಯಲು ನನ್ನ ಜಾಕೆಟ್ ಕೊಟ್ಟರೆ, ಅದನ್ನು ಮೂಸಿ ನೋಡಿ ಹಿಂದಿರುಗಿಸಿದರು. ಇಷ್ಟರಲ್ಲಿ ನನ್ನ ಕೈ ಪಳಗಿತ್ತು, ಇಪ್ಪತ್ತು ನಿಮಿಷದ ಕೆಲಸ ಹದಿನಾಲ್ಕಕ್ಕೆ ಇಳಿದಿತ್ತು. "ರೀ, ನಾವು ನಾಲ್ಕು ಜನ ಹೊರಟಿದ್ದಾ, ಐದು ಜನಾನಾ?" ಎಂದು ಹೆಂಡತಿ ಕೇಳಿದಾಗ ಉತ್ತರಿಸುವಷ್ಟು ಉಸಿರು ಮಾತ್ರ ಉಳಿದಿರಲಿಲ್ಲ.

ಹೀಗೆ ಬಿಚ್ಚಿ ಕಟ್ಟುವಾಗಲೆಲ್ಲ ಸುತ್ತ ನಾಲ್ಕು ಜನ ಸೇರುತ್ತಿದ್ದರು. ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತದೆ ಮಾತು ಶುರುಮಾಡುವ ಗಂಡಸು ನಮ್ಮ ನಾಡಿನಲ್ಲಿ ಹುಟ್ಟಿಲ್ಲ. ಒತ್ತಿದ ಮೇಲೆ, "ಎಷ್ಟು ಬಿತ್ತು ಸಾರ್?" ನಿಜವಾದ ಬೆಲೆ ಹೇಳಿದರೆ ಕಳ್ಳರ ಭಯ, ಜೊತೆಗೆ ನಾಚಿಕೆ. ಹಾಗಾಗಿ ಬೆಂಗಳೂರಿನಿಂದ ದೂರವಾದಷ್ಟೂ ನಾನು ಬೆಲೆಯನ್ನು ಇಳಿಸುತ್ತ ಹೋದೆ. ನೆಲಮಂಗಲದಲ್ಲಿ ಐವತ್ತು ಸಾವಿರವಿದ್ದದ್ದು ಯಡಿಯೂರಿನಲ್ಲಿ ಮೂವತ್ತಾಯಿತು, ಹಾಸನದಲ್ಲಿ ಹದಿನೈದಾಯಿತು. ಬೇಲೂರು ಮುಟ್ಟುವ ಹೊತ್ತಿಗೆ ಎಂಟಕ್ಕೆ ಬಂದು ನಿಂತಿತ್ತು. ಅಲ್ಲಿ ಒಬ್ಬ ಅಜ್ಜ ಎಂಟು ಸಾವಿರವೆಂಬುದನ್ನು ಕೇಳಿ, ಸೈಕಲ್ಲನ್ನು ಮುಂದಿನಿಂದ ಹಿಂದಿನವರೆಗೆ ಪರೀಕ್ಷಿಸಿ, "ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲೂ ಇಲ್ಲ. ಮೋಸ ಹೋದ್ರಲ್ಲ ಸ್ವಾಮಿ" ಎಂದು ಮರುಗಿದರು. ಅವರ ಮರುಕ ಎಷ್ಟು ನಿಜವಾಗಿತ್ತೆಂದರೆ, ಒಂದು ಕ್ಷಣ ನನಗೂ ಎಂಟು ಸಾವಿರ ಹೆಚ್ಚಾಯಿತೆನಿಸಿತು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದದ್ದು. 2023ರಲ್ಲಿ ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಗೋಪುರದ ತುದಿಯನ್ನು ಪಾರ್ಕಿಂಗ್ ಜಾಗದಿಂದ ನೋಡಿದೆ. ದರ್ಪಣ ಸುಂದರಿ ಹೇಗಿದ್ದಳೆಂದು ಮಗಳು ಬಂದು ವರ್ಣಿಸಿದಳು. ಆಗ ಬಿಸಿಲೇರಿತ್ತಾದ್ದರಿಂದ ಅಮ್ಮನಿಗೆ ಕೊಡೆ ಬೇಕಾಗಿತ್ತು. ಅದು ಎಲ್ಲಿತ್ತೆಂದು ಬೇರೆ ಹೇಳಬೇಕಿಲ್ಲ.

ಮರುದಿನ ಬೆಳಗ್ಗೆ ಐದೂವರೆಗೆ ಎದ್ದು, ಚಡ್ಡಿ, ಹೆಲ್ಮೆಟ್, ಅಡಿಯಲ್ಲಿ ಲಾಳವಿರುವ ಶೂ ಎಲ್ಲವನ್ನೂ ಧರಿಸಿ, ಕುದುರೆಯಂತೆ ಟಕಟಕ ಸದ್ದು ಮಾಡುತ್ತ ಹೋಮ್‌ಸ್ಟೇಯ ಮೆಟ್ಟಿಲಿಳಿದೆ. ನಾಯಿ ಬೊಗಳಿತು. ಸೈಕಲ್ಲೇರಿ ಗೇಟಿನವರೆಗೆ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹಲಸಿನ ಹಣ್ಣಿನಂತೆ ಮೆತ್ತಗಾಗಿತ್ತು. ಇದರಲ್ಲಿ ಅಚ್ಚರಿಯೇನಿಲ್ಲ. ಇಂಥ ತೆಳ್ಳನೆಯ ಟೈರುಗಳು ಸುಮ್ಮನೆ ನಿಂತಲ್ಲೇ ದಿನದಿನಕ್ಕೆ ಗಾಳಿ ಕಳೆದುಕೊಳ್ಳುತ್ತವೆ, ಹತ್ತುವ ಮುನ್ನ ತುಂಬಿಸಿಕೊಳ್ಳಬೇಕು. ಅದರ ಮೇಲೆ ನಾಲ್ಕು ಊರಿನ ಹೆಬ್ಬೆರಳುಗಳು ಬೇರೆ. ಗಾಳಿ ಹೊಡೆಯುವ ಪಂಪು ಮನೆಯಲ್ಲಿತ್ತು, ಏಕೆಂದರೆ ಡಿಕ್ಕಿಯಲ್ಲಿ ಅಮ್ಮನ ತೆಂಗಿನಕಾಯಿಗೆ ಜಾಗ ಬೇಕಾಗಿತ್ತು.

ಅಂಗಡಿ ತೆರೆಯುವವರೆಗೆ ಕಾದು, ಕಾರಿನಲ್ಲಿ ಚಕ್ರವನ್ನು ಮಾತ್ರ ಇಟ್ಟುಕೊಂಡು ಊರಂಚಿನ ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಸೂಜಿಯಂತಿದ್ದ ವಾಲ್ವನ್ನು ನೋಡಿ, ತನ್ನ ಕಂಪ್ರೆಸರಿನ ಪೈಪನ್ನು ನೋಡಿ, ಮತ್ತೆ ವಾಲ್ವನ್ನು ನೋಡಿ, "ಇದಕ್ಕೆ ಬಾಯೇ ಇಲ್ವಲ್ಲ ಸಾರ್" ಎಂದ. ಬೆಲೆಬಾಳುವ ಸೈಕಲ್ಲುಗಳ ವಾಲ್ವು ಬೇರೆ ಜಾತಿಯದು. ತುದಿಯ ಪುಟ್ಟ ನಟ್ಟನ್ನು ಸಡಿಲಿಸಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಅದರ ಮೇಲೆ ಕಡಲೆಕಾಳಿನ ಗಾತ್ರದ ಹಿತ್ತಾಳೆಯ ಬಿರಡೆಯೊಂದನ್ನು ಕೂರಿಸಿದರೆ ಯಾವ ಅಂಗಡಿಯ ಪೈಪೂ ಹೊಂದುತ್ತದೆ. ಆ ಬಿರಡೆ ಬಸವೇಶ್ವರನಗರದ ನಮ್ಮ ಮನೆಯ ಮೇಜಿನ ಎರಡನೆಯ ಖಾನೆಯಲ್ಲಿ, ಹಳೆಯ ಪೆನ್ನುಗಳ ಪಕ್ಕದಲ್ಲಿ, ಸುರಕ್ಷಿತವಾಗಿತ್ತು. ಎಷ್ಟು ಗಾಳಿ ಬೇಕೆಂದು ಹುಡುಗ ಕೇಳಿದ. 90 ಪಿಎಸ್‌ಐ ಎಂದೆ. ಕಾರಿಗೇ ಮೂವತ್ತು ಮೂವತ್ತೈದು ಸಾಕಲ್ಲವೇ, ಇದೇನು ಲಾರಿಯ ಲೆಕ್ಕ ಹೇಳುತ್ತಿದ್ದಾರೆ ಎಂಬಂತೆ ನನ್ನನ್ನೊಮ್ಮೆ ನೋಡಿದ. ನಟ್ಟು ಸಡಿಲಿಸಿ, ಪೈಪನ್ನು ಒತ್ತಿ ಹಿಡಿದು, ತನಗೆ ತಿಳಿದ ಎಲ್ಲ ಉಪಾಯಗಳನ್ನೂ ಮಾಡಿದ. ಚಕ್ರದಲ್ಲಿ ಉಳಿದಿದ್ದ ಅಷ್ಟಿಷ್ಟು ಗಾಳಿಯೂ ನಿಟ್ಟುಸಿರಿನಂತೆ ಹೊರಟುಹೋಯಿತು. ದುಡ್ಡು ಕೊಡಲು ಹೋದರೆ ಬೇಡವೆಂದ. ಪಾಪದವರಿಂದ ದುಡ್ಡು ತೆಗೆದುಕೊಳ್ಳಬಾರದೆಂದು ಯಾರೋ ಹೇಳಿಕೊಟ್ಟಿರಬೇಕು.

ಹೋಮ್‌ಸ್ಟೇಗೆ ಮರಳಿ, ಶೂ ಬಿಚ್ಚಿ, ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕುಳಿತೆ. ಎದುರಿಗಿದ್ದದ್ದು ಬಾಬಾಬುಡನ್‌ಗಿರಿಯ ಸಾಲು. ಯೆಮೆನ್‌ನಿಂದ ಏಳೇ ಏಳು ಕಾಫಿ ಬೀಜ ತಂದು ಬಾಬಾಬುಡನ್ ಅವರು ಈ ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿಯಿದೆ. ಸಮುದ್ರ ದಾಟಿ ಬಂದವರ ಲಗೇಜು ಒಂದು ಮುಷ್ಟಿಯಲ್ಲಿ ಹಿಡಿಸುತ್ತಿತ್ತು. ನಾನು 250 ಕಿಲೋಮೀಟರ್ ಬರಲು ಆರು ಬೆಲ್ಟು ಬಿಗಿದಿದ್ದೆ.

ಜಗುಲಿಯ ಕಂಬಕ್ಕೆ ತೋಟದ ಕೆಲಸದವರ ಸೈಕಲ್ಲೊಂದು ಒರಗಿತ್ತು. ತುಕ್ಕು ಹಿಡಿದ ಕಪ್ಪು ಸೈಕಲ್ಲು. ಸ್ಟ್ಯಾಂಡು, ಕ್ಯಾರಿಯರ್, ಬೆಲ್ಲು ಎಲ್ಲವೂ ಇದ್ದವು. ಬೆಂಗಳೂರು ಬಿಟ್ಟಾಗಿನಿಂದ "ಅಪ್ಪಾ, ಒಂದು ರೌಂಡು" ಎಂದು ಕೇಳುತ್ತಿದ್ದ ಮಗಳಿಗೆ ನನ್ನ ಸೈಕಲ್ಲಿನಲ್ಲಿ ಕೂರಿಸಲು ಜಾಗವಿಲ್ಲವೆಂದು ಪ್ರತಿಸಲವೂ ಹೇಳಿದ್ದೆ. ಈಗ ಅವಳು ನನ್ನನ್ನು ಕೇಳಲೇ ಇಲ್ಲ. ಆ ಸೈಕಲ್ಲಿನವರನ್ನು ಹುಡುಕಿ, ಒಪ್ಪಿಗೆ ಪಡೆದು, ಕ್ಯಾರಿಯರಿನ ಮೇಲೆ ಹತ್ತಿ ಕುಳಿತೇಬಿಟ್ಟಳು. ಹಿಂದಿನ ಬ್ರೇಕು ಇರಲಿಲ್ಲ, ಮುಂದಿನದು ಇತ್ತೆಂದು ಹೇಳುವುದೂ ಕಷ್ಟ. ಕಾಫಿಗಿಡಗಳ ನಡುವಿನ ಮಣ್ಣಿನ ದಾರಿಯಲ್ಲಿ ಇಳಿಯುತ್ತ ಅವಳು ಬೆಲ್ಲನ್ನು ಬಿಡದೆ ಬಾರಿಸಲು ಕೈ ಚಾಚುತ್ತಿದ್ದಳು.

ರಾಜಾಜಿನಗರದಲ್ಲಿ ನಾನು ಹುಡುಗನಾಗಿದ್ದಾಗ ಬೀದಿಯ ಕೊನೆಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿಯಿತ್ತು, ಗಂಟೆಗೆ ಒಂದು ರೂಪಾಯಿ. ಅಮ್ಮ ಸಾಸಿವೆ ಡಬ್ಬಿಯಿಂದ ಆ ಒಂದು ರೂಪಾಯಿ ತೆಗೆದುಕೊಡುತ್ತಿದ್ದರು. ಅದು ಯಾರ ಸೈಕಲ್ಲೋ ಆಗಿದ್ದುದರಿಂದ ಬಿದ್ದರೂ ಚಿಂತೆಯಿರಲಿಲ್ಲ. ಮೊಣಕಾಲು ತರಚಿದ್ದು ಮರುದಿನಕ್ಕೆ ಒಣಗುತ್ತಿತ್ತು. ಗಂಟೆ ಮುಗಿಯಿತೆಂಬುದೊಂದೇ ಆಗಿನ ದುಃಖ.

ಸಂಜೆ ಮಗಳಿಗೆ ಮೊಣಕೈ ತರಚಿತ್ತು. ತಿರುವಿನಲ್ಲಿ ಇಬ್ಬರೂ ಬಿದ್ದಿದ್ದೆವು. ಅವಳು ನಗುತ್ತಲೇ ಎದ್ದು, ಸೈಕಲ್ಲಿಗೆ ಏನಾಯಿತೆಂದು ನಾನು ಬಗ್ಗಿ ನೋಡುವುದನ್ನು ಕಂಡು, "ಅಪ್ಪಾ, ಅದಕ್ಕೇನೂ ಆಗಲ್ಲ ಬಿಡಿ" ಎಂದಳು. ನಿಜಕ್ಕೂ ಏನೂ ಆಗಿರಲಿಲ್ಲ.

ಹಿಂದಿರುಗುವಾಗ ನಾನು ಹೊಸ ಏರ್ಪಾಡು ಮಾಡಿದೆ. ಅಮ್ಮನ ಬ್ಯಾಗು ಅಮ್ಮನ ತೊಡೆಯ ಮೇಲೆಯೇ ಇರಬೇಕು, ಡಿಕ್ಕಿಯಲ್ಲಿ ನನ್ನ ಬಟ್ಟೆ ಮತ್ತು ಶೂ ಮಾತ್ರ. ಬೇಲೂರು, ಹಾಸನ, ಚನ್ನರಾಯಪಟ್ಟಣ ಎಲ್ಲವೂ ಶಾಂತವಾಗಿ ಕಳೆದವು. ಆರು ಬೆಲ್ಟುಗಳೂ ಬಿಗಿದಂತೆಯೇ ಇದ್ದವು. ಕುಣಿಗಲ್ ಸಮೀಪಿಸಿದಾಗ ಕನ್ನಡಿಯಲ್ಲಿ ನೋಡಿದೆ. ಅಮ್ಮ ಬ್ಯಾಗಿನೊಳಗೆ ಕೈಹಾಕಿ ಏನನ್ನೋ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ಕಾದೆ. ಅವರು ಏನೂ ಹೇಳದೆ ಬ್ಯಾಗಿನ ಜಿಪ್ಪೆಳೆದು ಕಿಟಕಿಯ ಕಡೆಗೆ ತಿರುಗಿ ಕುಳಿತರು.

ಮನೆಗೆ ಬಂದು, ಸೈಕಲ್ಲನ್ನು ಇಳಿಸಿ, ಸೀರೆ ಬಿಚ್ಚಿ ನೋಡಿದರೆ ಫ್ರೇಮಿನ ಮೇಲೆ ಎರಡಂಗುಲ ಉದ್ದದ ಗೀರು. ರ್‍ಯಾಕಿನದೇ ಕೊಕ್ಕೆಯದು. ಅದರ ಮುಂದೆ ಟಾರ್ಚ್ ಹಿಡಿದು ಕುಳಿತಿದ್ದಾಗ ಅಮ್ಮ ಹಿಂದಿನಿಂದ ಬಂದು, ನನ್ನ ತೆರೆದ ಡಿಕ್ಕಿಯೊಳಗೆ ಕೈಚಾಚಿ, ನನ್ನ ಶೂಗಳ ಕೆಳಗಿನಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದರು. ಸಂಜೆಯ ಮಾತ್ರೆ.

"ಕುಣಿಗಲ್ ಹತ್ರಾನೇ ಜ್ಞಾಪಕ ಬಂದಿತ್ತು ಕಣೋ" ಎಂದರು. "ನಿನ್ನ ಮುಖ ನೋಡಿ ಸುಮ್ಮನಾದೆ."