ಸ್ಪಷ್ಟನೆ: ವೇಗಕ್ಕೆ ತೆಳು ಪಿಕ್ ಬೇಕೆಂಬುದು ಸರಿಯಲ್ಲ

ಕಾಸರಗೋಡು, ಕುಂಬಳೆ ಕಡೆಯ ಗಿಟಾರ್ ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ ‘ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತೆಳುವಾದಷ್ಟೂ ಕೈ ವೇಗವಾಗುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಹಿಂದೆ ನಾನೂ ಮಕ್ಕಳಿಗೆ ಹೀಗೆಯೇ ಹೇಳಿಕೊಟ್ಟಿದ್ದೆ, ಅದಕ್ಕೆ ವಿಷಾದವಿದೆ.

ಒಂದೊಂದೇ ಸ್ವರವನ್ನು ವೇಗವಾಗಿ ನುಡಿಸುವಾಗ 0.50 ಮಿ.ಮೀ.ಯಂಥ ತೆಳು ಪಿಕ್ ತಂತಿಗೆ ತಾಗಿದೊಡನೆ ಬಾಗುತ್ತದೆ. ಅದು ನೆಟ್ಟಗಾಗುವಷ್ಟರಲ್ಲಿ ಮುಂದಿನ ಮೀಟು ತಡವಾಗುತ್ತದೆ. 1 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ್ದು ಅಷ್ಟು ಬಾಗುವುದಿಲ್ಲ, ಕೈಯ ಚಲನೆ ನೇರವಾಗಿ ತಂತಿಗೆ ತಲುಪುತ್ತದೆ. ವೇಗದ ವಾದಕರಲ್ಲಿ ಅನೇಕರು ಮೆಚ್ಚುವ ಡನ್‌ಲಾಪ್ ಜಾಝ್ 3 ಎಂಬ ಪಿಕ್ ಪುಟ್ಟದು, ಚೂಪು ತುದಿಯದು, ದಪ್ಪ 1.38 ಮಿ.ಮೀ. ತುದಿಯನ್ನು ಬೆರಳಿನಾಚೆ ಸ್ವಲ್ಪವೇ ಬಿಟ್ಟು, ತುಸು ಓರೆಯಾಗಿ ಹಿಡಿಯಿರಿ.

ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ) ಬಾರಿಸಲು ತೆಳುವಾದದ್ದೇ ಹಿತ, ಎಸೆಯಬೇಡಿ. ಆ ಸಂದೇಶವನ್ನು ಮಾತ್ರ ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ.