ಜೆಇಇ ಕನ್ನಡದಲ್ಲಿ ಬಂದರೆ ಸಾಕೇ?

ರಾಯಚೂರಿನಲ್ಲಿ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಇದೆ. 2019ರಲ್ಲಿ ಶುರುವಾದಾಗ ಮೊದಲ ತರಗತಿಗಳು ಐಐಟಿ ಹೈದರಾಬಾದಿನ ಆವರಣದಲ್ಲಿ ನಡೆದವು, ಆಮೇಲೆ ಸಂಸ್ಥೆ ರಾಯಚೂರಿಗೇ ಬಂತು. ನಾವು ಕೇಳಿದ್ದು ಐಐಟಿ. ಅದು ಧಾರವಾಡದ ಪಾಲಾಯಿತು, ಆ ಸಂಕಟ ಈ ಭಾಗದ ಜನಕ್ಕೆ ಇನ್ನೂ ಆರಿಲ್ಲ. ಆದರೆ ಕೈಗೆ ಸಿಕ್ಕ ಸಂಸ್ಥೆಯೊಳಗೆ ನಮ್ಮ ಮಕ್ಕಳು ಕಾಲಿಡುವುದು ಹೇಗೆ ಎಂದು ನಾವು ಗಟ್ಟಿಯಾಗಿ ಕೇಳಲೇ ಇಲ್ಲ. ಅಲ್ಲಿನ ಬಿ.ಟೆಕ್ ಸೀಟುಗಳು ತುಂಬುವುದು ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ರ‍್ಯಾಂಕಿನ ಮೇಲೆ, ಕೇಂದ್ರದ ಸಂಸ್ಥೆಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ, ಇಡೀ ದೇಶದ ಮಕ್ಕಳ ಜೊತೆ ಪೈಪೋಟಿಯಲ್ಲಿ. ಸುರತ್ಕಲ್ ಎನ್‌ಐಟಿಯಲ್ಲಿ ಅರ್ಧ ಸೀಟು ರಾಜ್ಯದವರಿಗೆ ಮೀಸಲು. ರಾಯಚೂರಿನ ಐಐಐಟಿಯಲ್ಲಿ ರಾಜ್ಯಕ್ಕೂ ಇಲ್ಲ, ಜಿಲ್ಲೆಗೂ ಇಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಕಲ್ಯಾಣ ಕರ್ನಾಟಕದ ನಮಗೆ ಸಂವಿಧಾನದ 371(ಜೆ) ಕಲಮಿನ ಆಸರೆಯಿದೆ: ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8. ಜೆಇಇ ಬಾಗಿಲಿಗೆ ಬಂದರೆ ಆ ಕಲಂ ನಡೆಯುವುದಿಲ್ಲ.

ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರತಿ ಸಲ ಫಲಿತಾಂಶ ಬಂದಾಗ ಇಲ್ಲೇ ಫೇಸ್‌ಬುಕ್‌ನಲ್ಲಿ ಎರಡು ಥರದ ಮಾತು ಓದುತ್ತೇನೆ. ಒಂದು, ಈ ರಾಷ್ಟ್ರಮಟ್ಟದ ಪರೀಕ್ಷೆಯನ್ನೇ ತೆಗೆದುಹಾಕಿ ಅನ್ನುವುದು. ಇನ್ನೊಂದು, ನಮ್ಮ ಕಡೆ ಮಕ್ಕಳಿಗೆ ಅಷ್ಟು ಶಕ್ತಿ ಇಲ್ಲ ಬಿಡಿ ಅನ್ನುವುದು. ಎರಡನ್ನೂ ನಾನು ಒಪ್ಪುವುದಿಲ್ಲ. ಪರೀಕ್ಷೆ ಇರಲಿ. ಕಾರಟಗಿಯ ಹುಡುಗನ ಉತ್ತರವನ್ನೂ ದೆಹಲಿಯ ಹುಡುಗನ ಉತ್ತರವನ್ನೂ ಕಂಪ್ಯೂಟರ್ ಒಂದೇ ಥರ ತಿದ್ದುತ್ತದೆ. ಅಪ್ಪ ಯಾರು, ಯಾರ ಶಿಫಾರಸು ಇದೆ ಎಂದು ಕೇಳುವುದಿಲ್ಲ. ಬಡವರ ಮಕ್ಕಳಿಗೆ ಅದು ಸಣ್ಣ ಮಾತಲ್ಲ. ಎರಡನೆಯ ಮಾತಿಗೆ ಉತ್ತರ ನನ್ನ ತರಗತಿಯಲ್ಲಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತರ ಮೇಲೆ ತೆಗೆದ ಮಕ್ಕಳು ಪ್ರತಿ ಜೂನ್‌ನಲ್ಲಿ ನನ್ನ ಮುಂದೆ ಬಂದು ಕೂರುತ್ತಾರೆ. ಡಿಸೆಂಬರ್ ಹೊತ್ತಿಗೆ ಅವರಲ್ಲೇ ಎಷ್ಟೋ ಜನ ತಲೆ ಎತ್ತಿ ನನ್ನನ್ನು ನೋಡುವುದನ್ನೇ ಬಿಟ್ಟಿರುತ್ತಾರೆ. ನಾವು ಮಕ್ಕಳನ್ನು ಕಳೆದುಕೊಳ್ಳುವುದು ಆ ಆರು ತಿಂಗಳಲ್ಲಿ. ಜೆಇಇ ಅದನ್ನು ಎರಡನೇ ವರ್ಷದ ಜನವರಿಯಲ್ಲಿ ಅಂಕಿಯಾಗಿ ತೋರಿಸುತ್ತದೆ, ಅಷ್ಟೇ.

2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಸಿಗುತ್ತಿದೆ. ನಾವೆಲ್ಲ ಸಂಭ್ರಮಪಟ್ಟೆವು, ಪಡಬೇಕಾದ್ದೇ. ಆದರೆ ಪಿಯು ವಿಜ್ಞಾನದ ಪುಸ್ತಕ ಇಂಗ್ಲಿಷಿನದು, ಪಾಠ ಇಂಗ್ಲಿಷಿನದು, ಬಹುಪಾಲು ಮಕ್ಕಳು ವಾರ್ಷಿಕ ಪರೀಕ್ಷೆ ಬರೆಯುವುದೂ ಇಂಗ್ಲಿಷಿನಲ್ಲೇ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು ಎರಡು ತಿಂಗಳ ರಜೆ ಮುಗಿಸಿ ಬಂದು ಒಂದೇ ಏಟಿಗೆ ಇಂಗ್ಲಿಷಿಗೆ ಬೀಳುತ್ತಾರೆ. ಎರಡು ವರ್ಷ ಹಾಗೆ ಓದಿದ ಮೇಲೆ ಪರೀಕ್ಷೆಯ ದಿನ ಕನ್ನಡ ಪ್ರಶ್ನೆ ಕೊಟ್ಟರೆ ಆ ಪಾರಿಭಾಷಿಕ ಪದಗಳೇ ಅವರಿಗೆ ಹೊಸವು. ಐಐಟಿ ಸೇರಲು ಬರೆಯಬೇಕಾದ ಜೆಇಇ ಅಡ್ವಾನ್ಸ್ಡ್‌ನಲ್ಲಂತೂ ಕನ್ನಡವೇ ಇಲ್ಲ, ಇಂಗ್ಲಿಷ್ ಇಲ್ಲವೇ ಹಿಂದಿ. ಮೇನ್‌ನಲ್ಲಿ ಮೊದಲ ಎರಡೂವರೆ ಲಕ್ಷದೊಳಗೆ ಬಂದ ಕನ್ನಡದ ಮಗುವಿಗೆ ಮುಂದಿನ ಮೆಟ್ಟಿಲಲ್ಲಿ ಭಾಷೆ ಬದಲಿಸು ಅನ್ನುತ್ತೇವೆ. ಹಿಂದಿಯ ಮಗುವಿಗೆ ಹಾಗೆ ಅನ್ನುವುದಿಲ್ಲ. ಇದು ಅನ್ಯಾಯ, ಇದಕ್ಕೆ ನಮ್ಮ ಸಂಸದರು ಸಂಸತ್ತಿನಲ್ಲಿ ದನಿ ಎತ್ತಬೇಕು.

ಮೊದಲ ಪಿಯುಸಿಯ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ತಂದೆ ತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಈಕೆ ಅಜ್ಜಿಯ ಮನೆಯಲ್ಲಿದ್ದು ಓದುತ್ತಾಳೆ. ಇಳಿಜಾರಿನ ಮೇಲೆ ಇಟ್ಟ ಕಲ್ಲು ಯಾವ ಕೋನದಲ್ಲಿ ಜಾರಲು ಶುರುವಾಗುತ್ತದೆ ಎಂದು ಬಾಯಲ್ಲೇ ಕೇಳಿದೆ. ಬೋರ್ಡಿಗೆ ಬಂದು ಚಿತ್ರ ಬರೆದು, ಬಲಗಳನ್ನು ಬಿಡಿಸಿ, ಘರ್ಷಣೆಯ ಗುಣಾಂಕ ಆ ಕೋನದ ಟ್ಯಾನ್‌ಗೆ ಸಮ ಎಂದು ತಾನೇ ಹೊರಗೆ ತೆಗೆದಳು. ಅದೇ ಲೆಕ್ಕವನ್ನು ಮೂರು ಸಾಲಿನ ಇಂಗ್ಲಿಷ್ ಪ್ರಶ್ನೆಯಾಗಿ ಕೊಟ್ಟಾಗ ಓದಿದಳು, ಮತ್ತೆ ಓದಿದಳು, ಬೆರಳಿಟ್ಟು ಮತ್ತೊಮ್ಮೆ ಓದಿದಳು. ‘ಸರ, ಏನ್ ಕೇಳ್ಯಾರ ಅನ್ನೋದ ತಿಳಿಯವಲ್ದು’ ಅಂದಳು. ಜೆಇಇ ಮೇನ್‌ನಲ್ಲಿ 180 ನಿಮಿಷಕ್ಕೆ 75 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂವರೆ ನಿಮಿಷವೂ ಇಲ್ಲ. ಈಕೆಗೆ ಅಷ್ಟು ಹೊತ್ತು ಬರೀ ಓದಲಿಕ್ಕೇ ಬೇಕು. ತಪ್ಪಾದರೆ ಒಂದು ಅಂಕ ಕಡಿತ ಬೇರೆ.

ಪಠ್ಯವೇ ಬೇರೆ ಅನ್ನುವ ಮಾತು ಈಗ ನಿಲ್ಲುವುದಿಲ್ಲ. ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದು ಹತ್ತು ವರ್ಷದ ಮೇಲಾಯಿತು. ಅದನ್ನು ಹೇಳಿಕೊಡಲು ಜನ ಬೇಕು, ಸಮಯ ಬೇಕು. ಹಳ್ಳಿ ಕಡೆಯ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಗಣಿತಕ್ಕೋ ರಸಾಯನಶಾಸ್ತ್ರಕ್ಕೋ ಕಾಯಂ ಉಪನ್ಯಾಸಕರಿಲ್ಲ. ಅತಿಥಿ ಉಪನ್ಯಾಸಕರ ಆದೇಶ ಬಂದು ಅವರು ತರಗತಿಗೆ ಕಾಲಿಡುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಹತ್ತಿರ ಬಂದಿರುತ್ತದೆ. ದ್ವಿತೀಯ ಪಿಯುಸಿಯಲ್ಲಿ ನಾವು ಪಾಠ ಮುಗಿಸುವುದು ಜನವರಿಯಲ್ಲಿ. ಜೆಇಇ ಮೊದಲ ಸೆಷನ್ ನಡೆಯುವುದೂ ಜನವರಿಯಲ್ಲೇ. ದುಡ್ಡು ಕಟ್ಟಿ ಓದುವ ಮಕ್ಕಳು ಅಷ್ಟರಲ್ಲಿ ಎಲ್ಲ ಮುಗಿಸಿ, ಎರಡೆರಡು ಸಲ ಮರುಓದು ಮಾಡಿ, ವಾರವಾರ ಮಾಕ್ ಟೆಸ್ಟ್ ಬರೆದಿರುತ್ತಾರೆ.

ಹಾಗಾಗಿಯೇ ಅಪ್ಪಂದಿರು ಬಂದು ಕೇಳುತ್ತಾರೆ, ‘ನಮ್ಮುಡುಗ ಶಾಣ್ಯಾ ಅದಾನ್ರೀ ಸರ, ಹೊಲಾ ಅಡ ಇಟ್ಟು ವಿಜಯವಾಡದ ಕೋಚಿಂಗಿಗೆ ಹಾಕ್ಲೇನ್ರೀ?’ ಅಂತ. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಮನುಷ್ಯ ಈ ಪ್ರಶ್ನೆ ಕೇಳಿದಾಗ ಎದೆಗೆ ಕಲ್ಲು ಬಿದ್ದ ಹಾಗಾಗುತ್ತದೆ. ಬೇಡ ಅನ್ನಲು ಅವರೂರಿನ ಕಾಲೇಜಿನಲ್ಲಿ ನಾನು ತೋರಿಸುವಂಥದ್ದು ಏನಾದರೂ ಇರಬೇಕಲ್ಲ.

ಕಂಪ್ಯೂಟರಿನ ಕಥೆ ಇನ್ನೊಂದು. ಜೆಇಇ ಮೇನ್ ಪೂರ್ತಿ ಕಂಪ್ಯೂಟರ್ ಪರೀಕ್ಷೆ. ನಮ್ಮ ಮಕ್ಕಳಿಗೆ ಮೊಬೈಲ್ ಗೊತ್ತು, ಮೌಸ್ ಗೊತ್ತಿಲ್ಲ. ಪರೀಕ್ಷೆ ನಡೆಸುವ ಎನ್‌ಟಿಎ ಜಾಲತಾಣದಲ್ಲಿ ಪುಕ್ಕಟೆ ಸಿಗುವ ಮಾಕ್ ಟೆಸ್ಟ್ ಹಾಕಿ ಕೂರಿಸಿದಾಗ ಮೊದಲ ದಿನ ಆದದ್ದು ನೋಡಬೇಕಿತ್ತು. ಸಂಖ್ಯೆಯನ್ನೇ ಉತ್ತರವಾಗಿ ಕೊಡುವ ಪ್ರಶ್ನೆಗಳಿರುತ್ತವೆ, ಒಂದೊಂದು ವಿಷಯಕ್ಕೆ ಐದು. ಅಲ್ಲಿ ಪರದೆಯ ಮೇಲಿನ ಅಂಕಿಗಳನ್ನು ಮೌಸಿನಿಂದ ಒಂದೊಂದಾಗಿ ಒತ್ತಬೇಕು. ಒಬ್ಬ ಹುಡುಗ 12 ಎಂದು ಹಾಳೆಯಲ್ಲಿ ಸರಿಯಾಗಿ ಬಿಡಿಸಿಟ್ಟುಕೊಂಡು, ಕೀಬೋರ್ಡ್ ಕುಟ್ಟುತ್ತಾ, ಬೆರಳಿನಿಂದ ಪರದೆಯನ್ನು ತಟ್ಟುತ್ತಾ ಕೂತಿದ್ದ. ಇನ್ನೊಬ್ಬ ಉತ್ತರ ಆರಿಸಿ ಸೇವ್ ಒತ್ತದೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದ. ಬಲಗಡೆ ಪ್ರಶ್ನೆ ಸಂಖ್ಯೆಯ ಚೌಕಗಳೆಲ್ಲ ಕೆಂಪಾಗಿಯೇ ಉಳಿದಿದ್ದವು, ಸೇವ್ ಒತ್ತಿದರೆ ಮಾತ್ರ ಉತ್ತರ ಲೆಕ್ಕಕ್ಕೆ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ಭಾನುವಾರ ಕೂರಿಸಿದರೆ ಹೋಗುವ ತೊಡಕು ಇದು. ಆ ನಾಲ್ಕು ಭಾನುವಾರಕ್ಕೆ ಪ್ರತಿ ತಾಲೂಕಿನಲ್ಲಿ ಒಂದು ಲ್ಯಾಬ್ ತೆರೆದಿರಬೇಕು, ಕರೆಂಟ್ ಇರಬೇಕು, ಒಬ್ಬ ಮೇಷ್ಟ್ರು ಇರಬೇಕು.

ದುಡ್ಡಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲೂ ಅದರ ಮುಂದಿನ ಬಜೆಟ್‌ನಲ್ಲೂ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕೊಠಡಿಗಳು ಏಳುತ್ತವೆ, ಉದ್ಘಾಟನೆಯ ಕಲ್ಲುಗಳು ಏಳುತ್ತವೆ. ಕೊಠಡಿ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಅದರಲ್ಲೊಂದು ಪಾಲನ್ನು ಮೊದಲ ಪಿಯುಸಿಯ ಮೊದಲ ಆರು ತಿಂಗಳಿಗೆ ಖರ್ಚು ಮಾಡಲಿ. ಜೂನ್ ಮೊದಲ ವಾರವೇ ಎಲ್ಲ ವಿಷಯಕ್ಕೂ ಉಪನ್ಯಾಸಕರು ಬರಲಿ. ಹತ್ತನೇ ತರಗತಿಯಲ್ಲಿ ಕನ್ನಡದಲ್ಲಿ ಓದಿದ್ದನ್ನು ಇಂಗ್ಲಿಷಿಗೆ ಜೋಡಿಸುವ ಆರು ವಾರದ ಪಾಠ ಆಗಲಿ, ಎರಡೂ ಭಾಷೆ ಅಕ್ಕಪಕ್ಕ ಇರುವ ಪುಸ್ತಕ ಮಕ್ಕಳ ಕೈಗೆ ಸಿಗಲಿ. ರಾಯಚೂರಿನ ಐಐಐಟಿಯ ವಿದ್ಯಾರ್ಥಿಗಳು ಶನಿವಾರ ಸುತ್ತಲಿನ ಸರ್ಕಾರಿ ಕಾಲೇಜುಗಳಿಗೆ ಬಂದು ಲೆಕ್ಕ ಹೇಳಿಕೊಡುವಂತಾದರೆ, ಆ ಸಂಸ್ಥೆ ನಮ್ಮದು ಅಂತ ನಮ್ಮ ಮಕ್ಕಳಿಗೂ ಅನ್ನಿಸೀತು. ಐಐಟಿಗಾಗಿ ಬೀದಿಗೆ ಇಳಿದ ಜನ ನಾವು, ಏಮ್ಸ್‌ಗಾಗಿ ವರ್ಷಗಟ್ಟಲೆ ಧರಣಿ ಕೂತ ಜನ ರಾಯಚೂರಿನವರು. ಆ ಛಲದಲ್ಲಿ ಸ್ವಲ್ಪ ಪಿಯು ಉಪನ್ಯಾಸಕರ ಹುದ್ದೆಗೂ ಬರಬೇಕು.

ಈ ವರ್ಷ ಅರ್ಜಿ ಹಾಕುವ ಮಕ್ಕಳಿಗೂ ಪಾಲಕರಿಗೂ ಕೆಲವು ಮಾತು. ಮುಖ್ಯವಾದದ್ದು ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಬಿ ಪತ್ರ ಕೆಸಿಇಟಿಗೆ ಸರಿ, ಜೆಇಇಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ, ಕೇಂದ್ರದ ನಮೂನೆಯಲ್ಲೇ ನಾನ್-ಕ್ರೀಮಿ ಲೇಯರ್ ಪತ್ರ ಮಾಡಿಸಿ, ಅದೂ ಕೌನ್ಸೆಲಿಂಗ್ ನಡೆಯುವ ವರ್ಷದ ಏಪ್ರಿಲ್ 1ರಂದು ಅಥವಾ ನಂತರ ಕೊಟ್ಟದ್ದಾಗಿರಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಇಡಬ್ಲ್ಯೂಎಸ್‌ಗೆ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಅರ್ಹತೆ ಇದೆಯೇ ವಿಚಾರಿಸಿ. ನನಗೆ ಗೊತ್ತಿರುವ ಹುಡುಗನೊಬ್ಬ ಒಳ್ಳೆಯ ಪರ್ಸೆಂಟೈಲ್ ತೆಗೆದೂ ಈ ಒಂದು ಕಾಗದಕ್ಕಾಗಿ ಕೌನ್ಸೆಲಿಂಗ್ ಹೊತ್ತಿಗೆ ಕಚೇರಿ ಕಚೇರಿ ಅಲೆದು, ಕೊನೆಗೆ ಸಾಮಾನ್ಯ ವರ್ಗದಲ್ಲೇ ಉಳಿದ. ಸೀಟು ಸಿಗಲಿಲ್ಲ. ಇನ್ನು ಭಾಷೆ: ಕನ್ನಡ ಆರಿಸಿದರೆ ಇಂಗ್ಲಿಷ್ ಪ್ರಶ್ನೆಯೂ ಜೊತೆಗೇ ಕಾಣುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷನ್ನೇ ನೋಡಿ, ಅದೇ ಅಂತಿಮ. ಪರೀಕ್ಷಾ ಊರಿಗೆ ಬಳ್ಳಾರಿ, ರಾಯಚೂರು ಮೊದಲು ಹಾಕಿ. ಬೆಳಗಿನ 9ರ ಪಾಳಿ ಬಂದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ, ಬೆಳಗಿನ ಬಸ್ ನಂಬಬೇಡಿ. ಜನವರಿಯಲ್ಲಿ ಕೆಟ್ಟರೂ ಏಪ್ರಿಲ್ ಸೆಷನ್ ಬರೆಯಿರಿ, ಎರಡರಲ್ಲಿ ಹೆಚ್ಚಿನದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಅರ್ಜಿ ತುಂಬಲು ತೊಡಕಾದರೆ ಇನ್‌ಬಾಕ್ಸ್‌ಗೆ ಬರೆಯಿರಿ. ನಮ್ಮ ಸುತ್ತಲಿನ ಹಳ್ಳಿಯವರಾದರೆ ಭಾನುವಾರ ಬೆಳಿಗ್ಗೆ ಆಧಾರ್, ಫೋಟೊ, ಹತ್ತನೇ ತರಗತಿ ಅಂಕಪಟ್ಟಿ ಹಿಡಿದು ನೇರ ಕಾಲೇಜಿಗೇ ಬನ್ನಿ, ಲ್ಯಾಬ್ ತೆಗೆದಿರುತ್ತೇನೆ. ಬೇರೆ ತಾಲೂಕುಗಳ ಉಪನ್ಯಾಸಕ ಮಿತ್ರರು ಹೀಗೇ ಒಂದು ಲ್ಯಾಬ್ ತೆರೆಯಲು ಸಿದ್ಧರಿದ್ದರೆ ಕೆಳಗೆ ಊರಿನ ಹೆಸರು ಬರೆಯಿರಿ.